ಮಂಗಳಾರತಿಗೆ ಮುಂಚೆ

ಶುಕ್ರವಾರ ಸಂಜೆ ಫೋನ್ ರಿಂಗಾದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಟ್ಲಾಂಟಾದಿಂದ ಗಂಡ ಮಗಳ ಜೊತೆ ಮಾತಾಡುವ ಹೊತ್ತು ಅದು. ನಾವಿಬ್ಬರೂ ಬೇರೆಯಾಗಿದ್ದೆವು. ಆರು ವರ್ಷದ ಮಗಳು ಯಾರ ಬಳಿ ಇರಬೇಕೆಂದು ಕೋರ್ಟು ತೀರ್ಮಾನಿಸುವುದಷ್ಟೇ ಬಾಕಿಯಿತ್ತು. ನನಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಮದುವೆಗೆ ಮುಂಚೆ "ಅದೇನು ಮಹಾ" ಎಂದಿದ್ದವರು ಈಗ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಸಕ್ಕರೆ ಇಳಿದು ಇವಳು ಎಚ್ಚರ ತಪ್ಪಿದರೆ ಮಗುವಿನ ಗತಿಯೇನು ಎಂಬುದು ಅವರ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಗಳು ಫೋನ್ ಹಿಡಿದಾಗ ನಾನು ಬಟ್ಟೆ ಮಡಚುವ ನೆಪದಲ್ಲಿ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಕೇಳಿಸುತ್ತಿದ್ದುದು ಅವಳ ಮಾತು ಮಾತ್ರ. "ಯೆಸ್ ಅಪ್ಪ." "ನೋ." "ಅಮ್ಮ ಈಸ್ ಫೈನ್." ಆ ಕಡೆಯ ಪ್ರಶ್ನೆಗಳನ್ನು ನಾನೇ ಊಹಿಸಿಕೊಂಡು, ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಸುಳ್ಳು ಹೇಳು ಎಂದು ಅವಳಿಗೆ ನಾನೆಂದೂ ಹೇಳಿಕೊಟ್ಟಿರಲಿಲ್ಲ. "ನನಗೆ ಹುಷಾರಿಲ್ಲ ಅಂದ್ರೆ ಅಪ್ಪಂಗೆ ಗಾಬರಿ ಆಗುತ್ತೆ ಪುಟ್ಟಿ" ಎಂದಿದ್ದೆ, ಅಷ್ಟೇ.

ವರಮಹಾಲಕ್ಷ್ಮಿ ಹಬ್ಬ ಬಂತು. ಗಂಡನನ್ನು ಬಿಟ್ಟವಳಿಗೆ ಮುತ್ತೈದೆಯರ ಹಬ್ಬವೇಕೆ ಎಂದು ಯಾರಾದರೂ ಆಡಿಕೊಂಡಾರೆಂದು, ಎಲ್ಲರಿಗಿಂತ ಜೋರಾಗಿ ಮಾಡುವ ಹಟ ನನಗೆ. ಪೂಜೆ ಮುಗಿಯುವವರೆಗೂ ಉಪವಾಸ. ಮೈಸೂರಿನಲ್ಲಾದರೆ ಪೂಜೆ ಬೆಳಿಗ್ಗೆಯೇ ಮುಗಿಯುತ್ತಿತ್ತು. ಇಲ್ಲಿ ಅಮೆರಿಕದಲ್ಲಿ, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಆಫೀಸಿಗೆ ರಜೆ ಹಾಕಲಾಗದವರ ಮನೆಗೆ ಲಕ್ಷ್ಮಿ ಸಂಜೆಯೇ ಬರಬೇಕು. ಊಟವಿಲ್ಲದ ಮೇಲೆ ಇನ್ಸುಲಿನ್ ಅರ್ಧ ಸಾಕು ಎಂದು ನನಗೆ ನಾನೇ ಡಾಕ್ಟರಾದೆ. ಮಧ್ಯಾಹ್ನ ಒಂದು ಲೋಟ ಹಾಲು ಕುಡಿದೆ.

ಸಂಜೆ ಕಳಶಕ್ಕೆ ಸೀರೆ ಉಡಿಸಿ, ಎದುರಿಗೆ ಹೋಳಿಗೆ, ಬಾಳೆಹಣ್ಣು, ಪಂಚಾಮೃತ ಜೋಡಿಸಿದೆ. ಹೋಳಿಗೆಯ ಹತ್ತಿರ ಸರಿಯುತ್ತಿದ್ದ ಮಗಳಿಗೆ "ಮಂಗಳಾರತಿ ಆಗೋವರೆಗೂ ಏನೂ ಮುಟ್ಟಬಾರದು, ದೇವರಿಗೆ ಕೋಪ ಬರುತ್ತೆ" ಎಂದು ಗದರಿದೆ. ದೀಪ ಹಚ್ಚಲು ಹೋದರೆ ಕೈ ನಡುಗಿ ಬೆಂಕಿಕಡ್ಡಿ ಪೆಟ್ಟಿಗೆಗೆ ತಾಗುತ್ತಲೇ ಇರಲಿಲ್ಲ. ಬೆನ್ನಲ್ಲಿ ಬೆವರು. ಇನ್ನೊಂದೈದು ನಿಮಿಷ, ಆರತಿ ಎತ್ತಿಬಿಡೋಣ ಎಂದುಕೊಂಡೆ. ಆಮೇಲೆ, ಸಕ್ಕರೆ ಇಳಿದಾಗ ಕುಡಿಯಲೆಂದು ಫ್ರಿಜ್ಜಿನಲ್ಲಿಟ್ಟಿದ್ದ ಜ್ಯೂಸ್ ನೆನಪಾಗಿ ಎದ್ದೆ. ಮುಂದೇನಾಯಿತೋ ತಿಳಿಯದು.

ಎಚ್ಚರವಾದಾಗ ಕಾರ್ಪೆಟ್ಟಿನ ಮೇಲೆ ಬಿದ್ದಿದ್ದೆ. ಬಾಯಲ್ಲಿ ಜೇನುತುಪ್ಪದ ರುಚಿ. ಮಗಳು ದೇವರ ಮುಂದಿನ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಪಂಚಾಮೃತವನ್ನು ಬೆರಳಲ್ಲಿ ತೆಗೆದು ನನ್ನ ಒಸಡಿಗೆ ಸವರುತ್ತಿದ್ದಳು. ನನಗೆ ಹೀಗಾದರೆ ಸಿಹಿ ಕೊಡಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದೆ, ಆದರೆ ಜ್ಯೂಸ್ ಬಾಟಲಿಯ ಮುಚ್ಚಳ ತೆಗೆಯಲು ಅವಳ ಕೈಲಿ ಆಗಿರಲಿಲ್ಲ.

"ಅಮ್ಮ, ಮಂಗಳಾರತಿ ಆಗಿಲ್ಲ. ಈಸ್ ಗಾಡ್ ಮ್ಯಾಡ್?"

ನಾನು ಮೊಣಕೈ ಊರಿ ಏಳಲು ನೋಡಿದೆ. ಅಷ್ಟರಲ್ಲಿ ಫೋನ್ ರಿಂಗಾಯಿತು. ಅವಳೇ ಓಡಿಹೋಗಿ ಕಾರ್ಡ್‌ಲೆಸ್ ಎತ್ತಿಕೊಂಡಳು.

"ಹಾಯ್ ಅಪ್ಪ. ಅಮ್ಮ ಪೂಜೆ ಮಾಡ್ತಾ ಇದಾಳೆ. ಯಾ, ಶಿ ಈಸ್ ಫೈನ್."

ಧ್ವನಿ ಒಂದಿಷ್ಟೂ ಅಲುಗಲಿಲ್ಲ. ಆಮೇಲೆ ಫೋನನ್ನು ಫ್ರಾಕಿಗೆ ಒತ್ತಿಹಿಡಿದು, ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು. "ನಾನು ನೈನ್ ಒನ್ ಒನ್‌ಗೆ ಕಾಲ್ ಮಾಡಿ ಆಂಬುಲೆನ್ಸ್ ಕೂಡ ಕರೆದಿಲ್ಲ ಅಮ್ಮ. ಅಪ್ಪಂಗೆ ಗೊತ್ತಾಗಲ್ಲ."

ನಾನು ಏಳದೇ ಹೋಗಿದ್ದರೂ ಇವಳು ಹೀಗೇ ಬಟ್ಟಲು ಹಿಡಿದು ಕೂತಿರುತ್ತಿದ್ದಳು. ಕೈ ಚಾಚಿ ಫೋನ್ ಇಸಕೊಂಡೆ.

"ನೋಡಿ, ನಾನು ಎಚ್ಚರ ತಪ್ಪಿ ಬಿದ್ದಿದ್ದೆ" ಎಂದೆ ತೊದಲುತ್ತಾ. "ಅವಳೇ ಎಬ್ಬಿಸಿದ್ಳು. ಅವಳೊಬ್ಬಳೇ."

ನನ್ನ ಲಾಯರ್ ಇದನ್ನು ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು.

"ಅವಳಿಗೆ ಕೊಡು" ಎಂದರು ಗಂಡ.

ಮಗಳು ಫೋನ್ ಕಿವಿಗಿಟ್ಟುಕೊಂಡು ಮೊದಲು ನನ್ನ ಮುಖ ನೋಡಿದಳು. ಹೇಳು ಎಂದು ತಲೆಯಾಡಿಸಿದೆ. "ಅಮ್ಮ ಏಳ್ಲೇ ಇಲ್ಲ ಅಪ್ಪ" ಎಂದು ಶುರುಮಾಡಿದವಳಿಗೆ ಅಳು ಒತ್ತರಿಸಿ ಬಂತು. ಬಿಕ್ಕುತ್ತಲೇ, ಕೋರ್ಟಿಗೆ ಬೇಕಾದದ್ದೆಲ್ಲವನ್ನೂ ಒಂದೂ ಬಿಡದೆ ಹೇಳಿದಳು. ನಾನು ಅವಳ ಬೆನ್ನು ಸವರುತ್ತಾ ಕೂತಿದ್ದೆ.