ಚನ್ನಕ್ಕ ವಕೀಲರ ಸಿಟ್ಟು

ಚನ್ನಕ್ಕ ವಕೀಲರು ಕಾಗದ ಹರಿದರೆ ಆ ಸದ್ದು ಕೆಳಗಿನ ಚಹಾದಂಗಡಿಯವರೆಗೂ ಕೇಳುತ್ತದೆ ಎಂದು ಅಂಗಡಿಯವನು ಹೇಳುತ್ತಿದ್ದ. ಅದು ಸ್ವಲ್ಪ ಹೆಚ್ಚಿನ ಮಾತು. ಆದರೆ ಅವರು ಹರಿಯುತ್ತಿದ್ದ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಕ್ಷಿದಾರ ಎಲ್ಲಿಂದಲೋ ಬರೆಸಿಕೊಂಡು ತಂದ ಹಕ್ಕು ಬಿಡುಗಡೆ ಪತ್ರವನ್ನು ಮೊದಲು ಕೊನೆಯವರೆಗೂ ಓದುವರು. ಕನ್ನಡಕ ತೆಗೆದು ಮೇಜಿನ ಮೇಲಿಡುವರು. ಆಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಿದು ನಾಲ್ಕು ತುಂಡುಗಳನ್ನೂ ಆತನ ಕೈಗೇ ಕೊಡುವರು.

"ನಿಮ್ಮ ಕಸ ನೀವ ಒಯ್ರಿ."

ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿನ ಆಸ್ತಿಯಲ್ಲಿ ತಮಗೇನೂ ಬೇಡ ಎಂದು ಬರೆದುಕೊಡುವ ಪತ್ರ ಅದು. ನಮ್ಮ ಕಡೆ ಅದಕ್ಕೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ಸೀರೆ, ಒಂದು ಹೊತ್ತಿನ ಹೋಳಿಗೆ ಊಟ, ಒಂದು ಸಹಿ. ಚನ್ನಕ್ಕನಿಗೆ ಮಾತ್ರ ಆ ಪತ್ರ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಎಂಟು ವರ್ಷ ಅವರ ಕೈಕೆಳಗೆ ಕಿರಿಯ ವಕೀಲನಾಗಿ ಕೆಲಸ ಮಾಡಿದೆ. ಮೋಟೆಬೆನ್ನೂರಿನಿಂದ ದಿನಾ ಬಸ್ಸು ಹಿಡಿದು ರಾಣೇಬೆನ್ನೂರಿಗೆ ಹೋಗುತ್ತಿದ್ದೆ. ಅವರ ಕೆಲಸವೆಂದರೆ ತೆರಿಗೆ, ಉಯಿಲು, ದಾನಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ. ಹತ್ತಿ, ಬೀಜ, ಮೆಣಸಿನಕಾಯಿಯ ವ್ಯಾಪಾರಸ್ಥರು ತೆರಿಗೆ ಕಾಗದ ಹಿಡಿದು ಬರುವರು, ಅದು ಮುಗಿದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸುವರು. ಅವರು ಮೆಟ್ಟಿಲಿಳಿದ ಮೇಲೆ ಚನ್ನಕ್ಕ ನನ್ನ ಕಡೆ ತಿರುಗಿ ಹೇಳುತ್ತಿದ್ದರು, "ತೆರಿಗಿ ಕಡಿಮಿ ಮಾಡ್ರಿ ಅಂತ ಬರ್ತಾರ. ಮುಂದಿನ ಮಾತಿಗೆ, ಅಕ್ಕ-ತಂಗೇರನ್ನ ಕಡಿಮಿ ಮಾಡ್ರಿ ಅಂತಾರ."

ಅವರು ವಕೀಲರಾದದ್ದು ನಲವತ್ತು ದಾಟಿದ ಮೇಲೆ. ಊರು ಕದರಮಂಡಲಗಿ. ಹತ್ತನೇ ಇಯತ್ತೆ ಮುಗಿಯುತ್ತಲೇ ಬ್ಯಾಡಗಿಗೆ ಮದುವೆ ಮಾಡಿಕೊಟ್ಟರು. ನಾಲ್ಕನೇ ವರ್ಷಕ್ಕೆ ಗಂಡ ಮನೆ ಬಿಟ್ಟು ಹೋದ. ಎಲ್ಲಿಗೆ ಎಂದು ಅವರೂ ಹುಡುಕಲಿಲ್ಲ. ತವರಿಗೆ ಬಂದರೆ ಅಣ್ಣಂದಿರು ಎರಡನೇ ದಿನವೇ ಬಸ್ಸಿನ ವೇಳೆ ಹೇಳಿದರಂತೆ. ಬ್ಯಾಡಗಿಗೇ ಮರಳಿ, ಪೇಟೆಯ ಹೆಂಗಸರ ಸಾಲಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿದರು. ಆ ಘಾಟು ಎದೆಯಲ್ಲಿ ಕುಳಿತದ್ದು ಕೊನೆಯವರೆಗೂ ಕೆಮ್ಮಾಗಿ ಉಳಿಯಿತು. ಅವರ ಅಕ್ಷರ ದುಂಡಗಿರುವುದನ್ನು ನೋಡಿದ ದಲಾಲಿ ಅಂಗಡಿಯ ಮಾಲೀಕರು ಪಟ್ಟಿ ಬರೆಯಲು ಕೂರಿಸಿದರು. ಅಲ್ಲಿಂದ ಟೈಪಿಂಗ್ ಕಲಿತು, ಹಳೆಯ ಮಷಿನ್ನೊಂದನ್ನು ಕೊಂಡು, ನೋಂದಣಿ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಪತ್ರ ಬರೆಯುವ ಗಂಡಸರ ನಡುವೆ ಕುಳಿತರು. ಮೊದಲ ತಿಂಗಳು ಅವರ ಸ್ಟೂಲನ್ನು ಯಾರೋ ದಿನಾ ಬೆಳಿಗ್ಗೆ ಗಟಾರಕ್ಕೆ ಎಸೆಯುತ್ತಿದ್ದರಂತೆ. ಇವರು ದಿನಾ ಎತ್ತಿ, ತೊಳೆದು, ಅದೇ ಜಾಗದಲ್ಲಿ ಇಡುತ್ತಿದ್ದರಂತೆ.

ಆ ದಿನಗಳಲ್ಲೇ ಅವರ ತಂದೆ ತೀರಿಕೊಂಡರು. ಅಣ್ಣಂದಿರಿಬ್ಬರು ಕಚೇರಿಗೆ ಬಂದರು. ಇದನ್ನು ಅವರು ನನಗೆ ಒಂದೇ ಸಲ ಹೇಳಿದ್ದು, ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತ.

"ದೊಡ್ಡಣ್ಣ ಅಂದ, ಹೊರಗಿನವ್ರಿಗೆ ಯಾಕ ರೊಕ್ಕಾ ಕೊಡೂದು ಚನ್ನವ್ವಾ, ನೀನ ಟೈಪ್ ಮಾಡಿಬಿಡು ಅಂತ. ನನ್ನ ಹಕ್ಕು ಬಿಟ್ಟುಕೊಟ್ಟ ಪತ್ರ ನಾನ ಟೈಪ್ ಮಾಡಿದ್ನಿ ತಮ್ಮಾ. ಒಂದು ಅಕ್ಷರ ತಪ್ಪಿಲ್ಲದಂಗ. ಅಣ್ಣಗ ಖುಷಿ ಆತು, ಎಷ್ಟು ಚಂದ ಟೈಪ್ ಮಾಡ್ತಿ ಅಂದ."

ಆಮೇಲೆ ರಾಣೇಬೆನ್ನೂರಿನಲ್ಲಿ ಮಾರಾಟ ತೆರಿಗೆ ಸಲಹೆಗಾರರೊಬ್ಬರ ಹತ್ತಿರ ಒಂಬತ್ತು ವರ್ಷ ಗುಮಾಸ್ತಿಕೆ. ತೆರಿಗೆ ಕಾನೂನನ್ನು ಬಾಯಿಪಾಠ ಮಾಡಿದ್ದು ಅಲ್ಲಿ. ಮನೆಯಲ್ಲೇ ಓದಿ ಬಿ.ಎ. ಪಾಸಾದರು. ಹುಬ್ಬಳ್ಳಿಗೆ ರೈಲಿನಲ್ಲಿ ಓಡಾಡಿ ಕಾನೂನು ಓದಿದರು. ತರಗತಿಯ ಹುಡುಗರು ಅವರನ್ನು ಯಾರದೋ ತಾಯಿ ಎಂದುಕೊಂಡು ಬೆಂಚು ಒರೆಸಿಕೊಟ್ಟರಂತೆ. ಅದನ್ನು ಹೇಳುವಾಗ ಮಾತ್ರ ನಗುತ್ತಿದ್ದರು.

ಉಯಿಲು ಬರೆಯುವಾಗ ಅವರದೊಂದು ಕಟ್ಟುನಿಟ್ಟು ಇತ್ತು. ಆಸ್ತಿ ಯಾರದೋ ಅವರೊಬ್ಬರೇ ಒಳಗೆ, ಉಳಿದವರೆಲ್ಲ ಹೊರಗೆ. ಒಮ್ಮೆ ಬೀಜದ ವ್ಯಾಪಾರಿಯೊಬ್ಬ ಹಾಸಿಗೆ ಹಿಡಿದಿದ್ದ ತಂದೆಯನ್ನು ಕಾರಿನಲ್ಲಿ ಹಾಕಿಕೊಂಡು ಬಂದ. ಏನು ಬರೆಯಬೇಕೆಂಬುದು ಅವನ ಜೇಬಿನಲ್ಲೇ ಇತ್ತು. ಚನ್ನಕ್ಕ ಅವನನ್ನು ಹೊರಗೆ ಕಳಿಸಿ ನನ್ನನ್ನು ಬಾಗಿಲಿಗೆ ನಿಲ್ಲಿಸಿದರು. ಮುದುಕರು ಅರ್ಧ ತಾಸು ಮಾತನಾಡಿದರು. ಇರುವ ಮನೆಯನ್ನು, ಗಂಡನ ಮನೆ ಬಿಟ್ಟು ಬಂದು ತಮ್ಮ ಮಲಮೂತ್ರ ಎತ್ತಿದ ಮಗಳ ಹೆಸರಿಗೆ ಬರೆಸಿದರು. ಮಗ ಬಾಗಿಲು ಬಡಿದ.

"ನಮ್ಮಪ್ಪಗ ಬುದ್ಧಿ ನೆಟ್ಟಗಿಲ್ಲರೀ! ಅದನ್ನೇನ್ ಬರ್ಕೊಳಾಕತ್ತೀರಿ?"

ಚನ್ನಕ್ಕ ಒಳಗಿನಿಂದಲೇ ಕೂಗಿದರು, "ಬುದ್ಧಿ ನೆಟ್ಟಗಿಲ್ಲದವ್ರನ್ನ ಸಹಿ ಮಾಡ್ಸಾಕ ಯಾಕ ಕರ್ಕೊಂಡು ಬಂದ್ರಿ? ಅದನ್ನ ಹೇಳ್ರಿ ಮೊದ್ಲ."

ಇಂಥವರ ಹತ್ತಿರ ಎಂಟು ವರ್ಷ ಕಲಿತವನು ನಾನು. ಇನ್ನು ನಾನು ಮಾಡಿದ ಕೆಲಸ ಹೇಳಬೇಕು.

ಮೋಟೆಬೆನ್ನೂರಿನಲ್ಲಿ ಹೆದ್ದಾರಿಗೆ ಹತ್ತಿದಂತೆ ನಮ್ಮದೊಂದು ಹಿರಿಯರ ಹೊಲವಿತ್ತು. ಪೆಟ್ರೋಲ್ ಪಂಪು ಹಾಕುವವರೊಬ್ಬರು ಅದನ್ನು ಕೇಳಿಕೊಂಡು ಬಂದರು. ಅಪ್ಪ ನನ್ನನ್ನು ಕರೆದು, "ರೇಣುಕಾಂದು ಒಂದು ಸಹಿ ತಗೊಂಡುಬಿಡು, ಮುಂದ ತಕರಾರು ಬ್ಯಾಡ" ಎಂದರು. ರೇಣುಕಾ ನನ್ನ ತಂಗಿ, ಮೇಡ್ಲೇರಿಗೆ ಕೊಟ್ಟಿದ್ದೆವು. ಅಪ್ಪನ ಮಾತಿಗೆ ಹೂಂ ಅನ್ನಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಹೊಲ ಮಾರಿದ ದುಡ್ಡಿನಲ್ಲಿ ಹಾವೇರಿಯಲ್ಲಿ ಸ್ವಂತ ಆಫೀಸು ತೆರೆಯುವ ಆಸೆ ನನಗಿತ್ತು. ಪತ್ರವನ್ನು ನಾನೇ ಬರೆದೆ, ಚನ್ನಕ್ಕನಿಗೆ ತಿಳಿಯದ ಹಾಗೆ. ಬ್ಯಾಡಗಿಯಲ್ಲಿ ಇನ್ನೊಬ್ಬ ವಕೀಲರ ಮೂಲಕ ನೋಂದಣಿಗೆ ಇಟ್ಟೆ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ತಿದ್ದಿಸುವುದಿದೆ ಎಂದು ತಂಗಿಗೆ ಫೋನು ಮಾಡಿದೆ. ಅವಳು ಹೊಸ ಅಕ್ಕಿಯ ಚೀಲ ಹೊತ್ತುಕೊಂಡು ಬಂದಳು.

"ಓದ್ತೀಯೇನು?" ಎಂದು ಬಾಯಿಮಾತಿಗೆ ಕೇಳಿದೆ.

"ನೀ ವಕೀಲ ಅದಿ, ನಾ ಏನ್ ಓದ್ಲಿ ಅಣ್ಣಾ? ಎಲ್ಲಿ ಮಾಡ್ಲಿ ಸಹಿ, ಅಷ್ಟ ತೋರ್ಸು" ಎಂದಳು.

ನಾನು ತೋರಿಸಿದೆ.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಚನ್ನಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಬೇವಿನ ಮರದ ಕೆಳಗಿನ ಹಳೆಯ ಪರಿಚಯದವರು ಯಾರೋ ಸುದ್ದಿ ಮುಟ್ಟಿಸಿದ್ದರು. ಮೇಜಿನ ಮೇಲೆ ಪತ್ರದ ದೃಢೀಕೃತ ನಕಲು ಇತ್ತು.

"ತಮ್ಮಾ, ನಿನ್ನ ತಂಗಿ ಹೆಸರೇನು?"

"ರೇಣುಕಾ, ಅಕ್ಕಾರ."

"ಓದು ಇದನ್ನ. ಜೋರಾಗಿ ಓದು."

ಓದಿದೆ. 'ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸಂತೋಷದಿಂದ' ಎಂಬಲ್ಲಿಗೆ ಬಂದಾಗ ಕೈ ಎತ್ತಿದರು.

"ನಿಂದ್ರು. ಅದು ಯಾರ ಸಂತೋಷ?"

ನಾನು ಕಾಗದ ಕೆಳಗಿಟ್ಟೆ. ಅವರು ಅದರ ಮೇಲೆ ಬೆರಳಿಟ್ಟರು. "ಇದು ನನ್ನ ಕಡಿಂದ ಕಲ್ತ ಭಾಷಾ. ಒಂದು ಅಕ್ಷರ ತಪ್ಪಿಲ್ಲ. ಎಂಟು ವರ್ಷ ನಾ ನಿನಗ ಇದನ್ನ ಕಲಿಸಿದ್ನೇನು?"

ಆ ಕಾಗದವನ್ನು ಅವರು ಹರಿಯಲಿಲ್ಲ. ನೋಂದಣಿಯಾದ ಪತ್ರದ ನಕಲು ಹರಿದು ಏನೂ ಆಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದನ್ನು ನನ್ನ ಕಡೆ ತಳ್ಳಿದರು.

"ಇವತ್ತ ಮೇಡ್ಲೇರಿಗೆ ಹೋಗು. ಆಕಿಗೆ ಓದಿ ಹೇಳು. ಒಂದು ಸಾಲು ಬಿಡಬ್ಯಾಡ. ಆಮ್ಯಾಲಿಂದು ಆಕಿಗೆ ಬಿಟ್ಟದ್ದು."

ರೇಣುಕಾ ಅಂಗಳದಲ್ಲಿ ಭತ್ತ ಹರವಿ ಕಾಲಿನಿಂದ ಆಡಿಸುತ್ತಿದ್ದಳು. ನಾನು ನಿಂತೇ ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಕಾಲು ನಿಂತಿತು. ಮುಗಿದ ಮೇಲೆ ಭತ್ತದಿಂದ ಹೊರಗೆ ಬಂದಳು.

"ಅವತ್ತು ಚೀಲ ಹೊತ್ಕೊಂಡು ಎರಡು ಬಸ್ ಬದಲ್ ಮಾಡಿ ಬಂದಿದ್ನಿ ಅಣ್ಣಾ. ನೀ ನನ್ನ ಬಸ್ ಹತ್ತಿಸಿ ಕೈ ಬೀಸಿದಿ." ಆಮೇಲೆ ಕೇಳಿದಳು, "ಇದನ್ನ ರದ್ದು ಮಾಡಬೇಕಂದ್ರ?"

"ಕೇಸ್ ಹಾಕಬೇಕಾಗ್ತದ."

"ಯಾರ ಮ್ಯಾಲ?"

"ಅಪ್ಪನ ಮ್ಯಾಲ. ನನ್ನ ಮ್ಯಾಲ."

"ಹಾಕ್ತೇನಿ" ಎಂದಳು. ನೀರೂ ಕೊಡದೆ ಒಳಗೆ ಹೋದಳು.

ಮರುದಿನ ಅದನ್ನು ಹೇಳಿದಾಗ ಚನ್ನಕ್ಕ ತಲೆ ಎತ್ತಲಿಲ್ಲ. "ಹಂಗಾರ ಆಕಿ ನನ್ನ ಕಕ್ಷಿದಾರಳು. ನೀ ಇನ್ನ ಈ ಆಫೀಸಿನ್ಯಾಗ ಕುಂದ್ರೂದು ಸರಿ ಅಲ್ಲ. ಕೀಲಿ ಇಟ್ಟು ಹೋಗು."

ಮೆಟ್ಟಿಲಿಳಿಯುವಾಗ ನನಗೆ ನಾಚಿಕೆಯಾಗಬೇಕಿತ್ತು. ಬಂದದ್ದು ಸಿಟ್ಟು. ಎಂಟು ವರ್ಷ ದುಡಿದವನ ಮೇಲೆ ಕೇಸು ಹಾಕುವ ಹೆಂಗಸು ಎಂಥವಳು ಎಂದು ಕೋರ್ಟಿನ ಅಂಗಳದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಸಹ ವಕೀಲರು ತಲೆದೂಗಿದರು. ಅವರಲ್ಲಿ ಹೆಚ್ಚಿನವರ ಮನೆಯಲ್ಲೂ ಅಂಥ ಪತ್ರಗಳಿದ್ದವು.

ಬ್ಯಾಡಗಿಯ ಕೋರ್ಟಿನಲ್ಲಿ ನಾನು ಸಾಕ್ಷಿಕಟ್ಟೆ ಹತ್ತುವ ಹೊತ್ತಿಗೆ ಮೂರು ವರ್ಷವಾಗಿತ್ತು. 'ಓದಿ ಹೇಳಿ, ಅರ್ಥ ಮಾಡಿಸಿ, ಆಮೇಲೆ ಸಹಿ ಪಡೆದೆ' ಎಂದು ನಮ್ಮ ವಕೀಲರು ನನಗೆ ಗಿಣಿಗೆ ಕಲಿಸಿದ ಹಾಗೆ ಕಲಿಸಿದ್ದರು. ಅಪ್ಪ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ರೇಣುಕಾ ಬಾಗಿಲ ಹತ್ತಿರ. ಚನ್ನಕ್ಕ ಎದ್ದರು, ಕೆಮ್ಮು ನಿಲ್ಲುವವರೆಗೆ ಕಾದರು. ಮೊದಲ ಬಾರಿಗೆ ನನಗೆ ಬಹುವಚನ ಹಚ್ಚಿದರು.

"ಪತ್ರ ಬರೆದವರು ಯಾರು?"

"ನಾನೇ."

"ಸಹಿಗೆ ಮೊದಲು ವಾದಿಗೆ ಅದನ್ನು ಓದಿ ಹೇಳಿದ್ರೇನು ನೀವು?"

ಕಲಿತದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು. ನಾನು ಧೈರ್ಯವಂತನೇನಲ್ಲ. ಆ ಮುಖದ ಎದುರು ಸುಳ್ಳು ಹೊರಡಲಿಲ್ಲ, ಅಷ್ಟೇ.

"ಇಲ್ಲ."

"ಏನಂತ ಹೇಳಿ ಕರೆಸಿದ್ರಿ?"

"ಉತಾರದಲ್ಲಿ ಹೆಸರು ತಿದ್ದಿಸೋದಿದೆ ಅಂತ."

"ಇನ್ನು ಪ್ರಶ್ನೆ ಇಲ್ಲ" ಎಂದು ಕುಳಿತರು.

ಪತ್ರ ರದ್ದಾಯಿತು. ರೇಣುಕಾಳ ಪಾಲು ರೇಣುಕಾಳಿಗೆ ಉಳಿಯಿತು. ಪೆಟ್ರೋಲ್ ಪಂಪಿನವರು ಮುಂದಿನ ಊರಿನ ಹತ್ತಿರ ಜಾಗ ಹಿಡಿದರು. "ಕೋರ್ಟಿನ್ಯಾಗ ಒಂದು ಸುಳ್ಳು ಹೇಳಾಕ ಬರಲಿಲ್ಲ, ಎಂಥಾ ವಕೀಲಲೇ ನೀ?" ಎಂದರು ಅಪ್ಪ. ಆಮೇಲೆ ನನ್ನೊಂದಿಗೆ ಮಾತು ಬಿಟ್ಟರು. ರೇಣುಕಾ ತನ್ನ ಪಾಲಿನಲ್ಲಿ ಗೋವಿನಜೋಳ ಹಾಕುತ್ತಾಳೆ. ಹೊಲಕ್ಕೆ ಬರುತ್ತಾಳೆ, ನಮ್ಮ ಮನೆಗೆ ಬರುವುದಿಲ್ಲ.

ಚನ್ನಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ಹೋದ ವರ್ಷ, ಅವರ ಮನೆಯಲ್ಲಿ. ಎದೆಯ ರೋಗ ಬಲಿತು ಕೋರ್ಟಿಗೆ ಬರುವುದನ್ನು ಬಿಟ್ಟಿದ್ದರು. ದಿಂಬಿಗೆ ಒರಗಿಕೊಂಡು ಯಾರದೋ ಉಯಿಲಿನ ಕರಡು ತಿದ್ದುತ್ತಿದ್ದರು.

"ಯಾಕ ಬಂದಿ?"

"ತಪ್ಪಾತು ಅಂತ ಹೇಳಾಕ ಬಂದೇನಿ, ಅಕ್ಕಾರ."

"ನನಗ ಯಾಕ ಹೇಳ್ತಿ? ನಂದೇನ್ ಕಸ್ಕೊಂಡಿದ್ದಿ ನೀ?" ಎಂದರು. ಕೆಮ್ಮು ಬಂದು ಮಾತು ತಡೆಯಿತು. ಸುಧಾರಿಸಿಕೊಂಡು ಮುಂದುವರಿದರು, "ನನ್ನ ಸಿಟ್ಟು ಇಳಿದಿಲ್ಲ ತಮ್ಮಾ. ಇಳಿಯೂದೂ ಇಲ್ಲ. ಕೋರ್ಟಿನ್ಯಾಗ ಖರೇ ಹೇಳಿದಿ, ಅದು ಗೊತ್ತೈತಿ. ಅದರಿಂದ ಇದು ವಜಾ ಆಗೂದಿಲ್ಲ." ಕರಡಿನ ಮೇಲೆ ಕಣ್ಣಿಟ್ಟೇ ಒಳಗೆ ಕೂಗಿದರು, "ಇವಗ ಚಹಾ ಕೊಡ್ರಿ."

ಕುಡಿದೆ. ಅವರು ಕರಡು ತಿದ್ದುತ್ತಲೇ ಇದ್ದರು. ಮುಂದಿನ ತಿಂಗಳು ತೀರಿಕೊಂಡರು.

ರಾಣೇಬೆನ್ನೂರಿನ ಕೋರ್ಟಿನಲ್ಲಿ ಸಂತಾಪ ಸಭೆ ಸೇರಿತು. ಅವರ ಬೆನ್ನ ಹಿಂದೆ 'ಮೆಣಸಿನಕಾಯಿ ವಕೀಲಿ' ಎಂದು ನಗುತ್ತಿದ್ದವರೆಲ್ಲ ಕರಿ ಕೋಟು ಹಾಕಿಕೊಂಡು ಕೈಕಟ್ಟಿ ನಿಂತಿದ್ದರು. ಹಿರಿಯರೊಬ್ಬರು ಠರಾವು ಓದಿದರು. "ಶಾಂತ ಸ್ವಭಾವದವರೂ, ಮೃದುಭಾಷಿಗಳೂ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವರೂ ಆಗಿದ್ದ..."

ಎಲ್ಲರಿಗೂ ಓದುವ ಅದೇ ಹಾಳೆ, ಹೆಸರು ಮಾತ್ರ ಬೇರೆ. ಅವರ ಬದುಕನ್ನೆಲ್ಲ ಒಂದು ಸಾಲಿನಲ್ಲಿ ಕಸಿದುಕೊಳ್ಳುತ್ತಿದ್ದರು.

"ತಿದ್ರಿ ಅದನ್ನ" ಎಂದೆ. "ಅವ್ರು ಶಾಂತ ಇರಲಿಲ್ಲ. ಯಾರ ಜೋಡಿನೂ ಹೊಂದಿಕೊಂಡು ಹೋಗಲಿಲ್ಲ. ಸಿಟ್ಟಿನವ್ರಿದ್ರು. ನನ್ನ ಮ್ಯಾಲ ಸಿಟ್ಟು ಇಟ್ಕೊಂಡ ಸತ್ತಾರ. ಹಂಗಂತ ಬರೀರಿ."

ಯಾರೋ ತೋಳು ಹಿಡಿದು ಜಗ್ಗಿದರು. ಹಿರಿಯರು ಕನ್ನಡಕದ ಮೇಲಿನಿಂದ ನನ್ನನ್ನೂ ಗುಮಾಸ್ತರನ್ನೂ ನೋಡಿದರು. ಗುಮಾಸ್ತರು ಪೆನ್ನು ತೆಗೆದು ಆ ಸಾಲು ಹೊಡೆದು ಹಾಕುವವರೆಗೂ ನಾನು ಸುಮ್ಮನಾಗಲಿಲ್ಲ.