ಬ್ಯಾಂಕಿನ ಪಾಲು ಕೊಟ್ಟ ಮೀನಿನ ಹೆಂಗಸು

ಉರ್ವದಲ್ಲಿ ನನ್ನ ಅಪ್ಪನಿಗೆ ಸಣ್ಣ ಟೈಲರ್ ಅಂಗಡಿಯಿತ್ತು. ಐವತ್ತರ ದಶಕದಲ್ಲಿ ಕೆಲವು ಅನುಕೂಲಸ್ಥರು ಹೊಲಿಗೆಯ ಕೂಲಿಗೆ ಬೊಂಬಾಯಿಯ ಬ್ಯಾಂಕುಗಳ ಚೆಕ್ ಕೊಡತೊಡಗಿದರು. ಅದನ್ನು ನಗದು ಮಾಡಿಕೊಡಲು ನಮ್ಮೂರಿನ ಬ್ಯಾಂಕು ಪ್ರತಿಸಲ ಕಮಿಷನ್ ಮುರಿದುಕೊಳ್ಳುತ್ತಿತ್ತು.

"ಬಟ್ಟೆ ಹೊಲಿದದ್ದು ನಾನು. ನಿಮಗೆ ಎಂತಕ್ಕೆ ಪಾಲು?" ಎಂದು ಅಪ್ಪ ಒಮ್ಮೆ ನನ್ನೆದುರೇ ಬ್ಯಾಂಕಿನ ಗುಮಾಸ್ತರನ್ನು ಕೇಳಿಯೇಬಿಟ್ಟರು.

"ರೂಲ್ಸ್ ಹಾಗೆ ಉಂಟು ಮಾರಾಯ್ರೇ," ಎಂದರು ಅವರು, ತಲೆ ಎತ್ತದೆ.

ಆ ಕಮಿಷನ್ನನ್ನು ಚೆಕ್ ಕೊಡುವವರಿಂದಲೇ ಕೇಳಿದರೆ ದೊಡ್ಡ ಗಿರಾಕಿಗಳು ತಪ್ಪಿಹೋದಾರೆಂದು ಹೆದರಿ ಅಪ್ಪ ಎಲ್ಲರ ಕೂಲಿಯನ್ನೂ ಎರಡಾಣೆ ಏರಿಸಿದರು. ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬಂದ ಮೀನಿನ ಹೆಂಗಸು ಮಗಳ ಲಂಗ ತೆಗೆದುಕೊಳ್ಳುತ್ತಾ, "ಎಂತ ಪೊರ್ಬುಗಳೇ, ಈ ಸಲ ಜಾಸ್ತಿ ಆಯ್ತಲ್ಲ?" ಎಂದಳು, ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ವಾಡಿಕೆಯಂತೆ. ಅಪ್ಪ ತಲೆ ಎತ್ತದೆ ಚಿಲ್ಲರೆ ಎಣಿಸಿಕೊಂಡರು.

ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವಳು ಚಿಲ್ಲರೆಯಲ್ಲಿ ಬ್ಯಾಂಕಿನ ಪಾಲು ಕೊಟ್ಟು ಹೋದಳು. ಗುಮಾಸ್ತರ ಮೇಲಿದ್ದ ನನ್ನ ಸಿಟ್ಟು ಅಂದು ಅಪ್ಪನ ಮೇಲೂ ತಿರುಗಿತು. ಅದು ಇಂದಿಗೂ ಪೂರ್ತಿ ಇಳಿದಿಲ್ಲ.