ಹಾರ ಹಾಕಿಸಿಕೊಂಡ ಚಾರ್ಜರ್

ಎಲೆಕ್ಟ್ರಿಕ್ ಕಾರು ಕೊಳ್ಳುವ ಮುಂಚೆ ನನಗಿದ್ದದ್ದು ಒಂದೇ ಚಿಂತೆ. ಮುಂಬೈ ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲೇನೋ ಚಾರ್ಜಿಂಗ್ ಪಾಯಿಂಟ್ ಇದೆ, ಆದರೆ ವಿಜಯಪುರದ ಆಚೆಗಿರುವ ನಮ್ಮ ಸಣ್ಣ ಊರಿನಲ್ಲಿ? ಅಲ್ಲಿರುವ ಕಾಕಾನ ಮಗ, ನನಗೆ ತಮ್ಮನಾಗಬೇಕು, ಅವನಿಗೆ ಫೋನ್ ಮಾಡಿದೆ.

"ಬಸ್ ಸ್ಟ್ಯಾಂಡ್ ಹತ್ರನ ಐತಿ ಅಣ್ಣಾ. ಧೈರ್ಯಲೇ ತಗೋ," ಎಂದ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಫೋಟೋ ಕೂಡ ಕಳಿಸಿದ. ಚಾರ್ಜರಿಗೆ ಕುಂಕುಮ, ಮೇಲೊಂದು ಚೆಂಡುಹೂವಿನ ಹಾರ. ನಮ್ಮ ಕಡೆ ಖಂಡೇಪೂಜೆ ಮಾಡುವುದು ದುಡಿಯುವ ಸಾಮಾನಿಗೆ. ಕೆಲಸಕ್ಕೆ ಬಾರದ ಮಷೀನಿಗೆ ಯಾರು ಹಾರ ಹಾಕುತ್ತಾರೆ? ಮರುವಾರವೇ ಕಾರು ತಂದೆ.

ಟ್ರೇನಿನ ಟಿಕೆಟ್ ಸಿಗಲಿಲ್ಲವೆಂದು ಹೇಳಿ ಎಷ್ಟೋ ವರ್ಷ ತಪ್ಪಿಸಿದ್ದ ದೀಪಾವಳಿಗೆ ಈ ಸಲ ಹೊರಟೇಬಿಟ್ಟೆ. ದಾರಿಯಲ್ಲಿ ಎರಡು ಕಡೆ ಚಾರ್ಜ್ ಮಾಡಿಕೊಂಡರೂ ಊರು ಮುಟ್ಟುವಾಗ ಬ್ಯಾಟರಿ ತಳ ಕಂಡಿತ್ತು. ಬಸ್ ಸ್ಟ್ಯಾಂಡಿನಲ್ಲಿ ಚಾರ್ಜರ್ ಇತ್ತು. ಒಣಗಿದ ಹಾರವೂ ಇತ್ತು.

ಚಹಾದಂಗಡಿಯವನು ನಕ್ಕ. "ಅದಕ್ಕ ಇನ್ನೂ ಕರೆಂಟ್ ಕೊಟ್ಟಿಲ್ರೀ. ನಿಮ್ಮ ತಮ್ಮನ ಬಂದು ಹಾರ ಹಾಕಿ, ಫೋಟೋ ಹೊಡಕೊಂಡು ಹೋದ್ರು."

ಮೈಯೆಲ್ಲ ಉರಿದುಹೋಯಿತು. ಪರರಾದರೆ ಬಿಡು ಎನ್ನಬಹುದಿತ್ತು, ಇವನು ಮನೆಯವನು. ನೇರ ಅವನ ಮನೆಗೆ ಹೋಗಿ, ಹೊಸ್ತಿಲಲ್ಲೇ ನಿಂತು ಕೂಗಾಡಿದೆ. ದೇವರ ಪೂಜೆಯನ್ನೂ ಸುಳ್ಳಿಗೆ ಬಳಸಿದೆಯಲ್ಲೋ ಎಂದೆ.

ಅವನು ತಲೆ ತಗ್ಗಿಸಲಿಲ್ಲ. "ನೀ ಒಮ್ಮೆ ಬರಲಿ ಅಂತ ಹೇಳಿದೆ. ಪ್ರತಿ ವರ್ಷಾ ಟಿಕೆಟ್ ಸಿಗಲಿಲ್ಲ ಅಂತ ನೀ ಅಂದಾಗ ನಾವು ನಂಬಲಿಲ್ಲೇನಣ್ಣಾ?"